ರೂಟ್ ಪಾಸ್‌ವರ್ಡ್ ಸರಿಯಾಗಿಯೇ ಇದೆ, ಸರ್ವರ್ ಒಳಗೆ ಬಿಡುತ್ತಿಲ್ಲ

ಪ್ರಶ್ನೆ: ಉಬುಂಟು 24.04 ಇರುವ ಹೊಸ ಕ್ಲೌಡ್ ಸರ್ವರ್ ತೆಗೆದುಕೊಂಡಿದ್ದೇನೆ. ‘ಉಬುಂಟು’ ಯೂಸರ್ ಆಗಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಗುರುತಿನ ಫೈಲು, ಬಳಸಿ ಲಾಗಿನ್ ಆಗುತ್ತದೆ. ಎಲ್ಲ ಅಧಿಕಾರವಿರುವ ರೂಟ್ ಖಾತೆಗೆ ಪಾಸ್‌ವರ್ಡ್ ಇಟ್ಟೆ, ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ (ಎಸ್‌ಎಸ್‌ಎಚ್ ಸರ್ವರ್ ತಂತ್ರಾಂಶವಾದ ಎಸ್‌ಎಸ್‌ಎಚ್‌ಡಿಯ ಸಂರಚನೆ) ಫೈಲಿನ ಕೊನೆಯಲ್ಲಿ ‘ಪರ್ಮಿಟ್‌ರೂಟ್‌ಲಾಗಿನ್ ಯೆಸ್’ ಎಂದು ಬರೆದು ರೀಸ್ಟಾರ್ಟ್ ಮಾಡಿದೆ. ಆದರೂ ಪಾಸ್‌ವರ್ಡನ್ನೇ ಕೇಳದೆ ‘ಪರ್ಮಿಷನ್ ಡಿನೈಡ್’ ಎಂದು ಹೇಳಿ, ಆವರಣದಲ್ಲಿ ‘ಪಬ್ಲಿಕ್‌ಕೀ’ ಎಂದು ತೋರಿಸುತ್ತದೆ. ಅದೇ ಕೀ ಕೊಟ್ಟು ರೂಟ್ ಆಗಿ ಹೋದರೆ ‘ಉಬುಂಟು ಹೆಸರಿನಲ್ಲಿ ಲಾಗಿನ್ ಆಗಿ’ ಎಂಬ ಇಂಗ್ಲಿಷ್ ಸಾಲು ಬಂದು ಸಂಪರ್ಕ ಕಡಿದುಹೋಗುತ್ತದೆ.

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತಡೆಗಳಿವೆ.

ಆವರಣದಲ್ಲಿ ಕಾಣುವುದು ಸರ್ವರ್ ಒಪ್ಪುವ ಲಾಗಿನ್ ವಿಧಾನಗಳ ಪಟ್ಟಿ. ಅಲ್ಲಿ ‘ಪಾಸ್‌ವರ್ಡ್’ ಇಲ್ಲ ಎಂದರೆ ಪಾಸ್‌ವರ್ಡ್ ಲಾಗಿನ್ ಎಲ್ಲರಿಗೂ ಬಂದ್ ಆಗಿದೆ, ರೂಟ್‌ಗೆ ಮಾತ್ರವಲ್ಲ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್‌ನ ಮೇಲ್ಭಾಗದಲ್ಲೇ ಒಂದು ‘ಇನ್‌ಕ್ಲೂಡ್’ ಸಾಲಿದೆ. ಅದು /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರಿನ ಫೈಲುಗಳನ್ನು ಮೊದಲು ಓದಿಸುತ್ತದೆ. ಓಪನ್‌ಎಸ್‌ಎಸ್‌ಎಚ್ ನಿಯಮದಂತೆ ಒಂದು ಆಯ್ಕೆಗೆ ಮೊದಲು ಸಿಕ್ಕ ಬೆಲೆಯೇ ಅಂತಿಮ. ಆ ಫೋಲ್ಡರಿನಲ್ಲಿ 50 ಅಥವಾ 60ರಿಂದ ಶುರುವಾಗುವ ಕ್ಲೌಡ್ ಫೈಲೊಂದು ‘ಪಾಸ್‌ವರ್ಡ್‌ಅಥೆಂಟಿಕೇಶನ್ ನೋ’ ಎಂದು ಆಗಲೇ ಹೇಳಿಬಿಟ್ಟಿರುತ್ತದೆ. ಮುಖ್ಯ ಫೈಲಿನಲ್ಲಿ ಎಷ್ಟು ಸಲ ‘ಯೆಸ್’ ಬರೆದರೂ ವ್ಯರ್ಥ.

ಜಾರಿಯಲ್ಲಿರುವುದು ಏನೆಂದು ಊಹಿಸಬೇಡಿ. ಸುಡೊ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸಾಧನ) ಜತೆ ಎಸ್‌ಎಸ್‌ಎಚ್‌ಡಿ ಕಮಾಂಡನ್ನು ಕ್ಯಾಪಿಟಲ್ ‘ಟಿ’ ಆಯ್ಕೆಯೊಂದಿಗೆ ಓಡಿಸಿ, ಅದು ಮುದ್ರಿಸುವುದೇ ನಿಜ. ಪರ್ಮಿಟ್‌ರೂಟ್‌ಲಾಗಿನ್ ಎದುರು ‘ವಿದೌಟ್-ಪಾಸ್‌ವರ್ಡ್’ ಎಂದು ಕಂಡರೆ ಗಾಬರಿ ಬೇಡ, ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಬರಬಹುದು ಎಂದಲ್ಲ. ‘ಪ್ರೊಹಿಬಿಟ್-ಪಾಸ್‌ವರ್ಡ್’ನ ಹಳೆಯ ಹೆಸರದು. ರೂಟ್ ಕೀ ಮೂಲಕ ಬರಬಹುದು, ಪಾಸ್‌ವರ್ಡ್ ಮೂಲಕ ಬರುವಂತಿಲ್ಲ. 2015ರ 7.0 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್‌ನ ಡೀಫಾಲ್ಟ್ ಇದೇ, ಇದನ್ನು ಹಾಗೇ ಬಿಡುವುದು ವಾಸಿ. ನೀವು ಸೇರಿಸಿದ ‘ಯೆಸ್’ ಸಾಲನ್ನು ತೆಗೆದುಬಿಡಿ.

ಎರಡನೆಯ ತಡೆ ಇರುವುದು /ರೂಟ್/.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್ ಫೈಲಿನಲ್ಲಿ. ಹೊಸ ಸರ್ವರನ್ನು ಮೊದಲ ಸಲ ಸಿದ್ಧಪಡಿಸುವ ಕ್ಲೌಡ್-ಇನಿಟ್ ತಂತ್ರಾಂಶ ನಿಮ್ಮ ಕೀಯನ್ನು ಅಲ್ಲಿ ಹಾಕಿದೆ, ಆದರೆ ಸಾಲಿನ ಆರಂಭದಲ್ಲಿ, ಕೀಗಿಂತ ಮೊದಲು, ‘ಕಮಾಂಡ್=’ ಇರುವ ಉದ್ದನೆಯ ಭಾಗವೊಂದನ್ನು ಅಂಟಿಸಿದೆ. ಸಂದೇಶ ತೋರಿಸಿ, 10 ಸೆಕೆಂಡು ಕಾಯಿಸಿ, ಹೊರದೂಡುವುದು ಅದೇ. ಸಾಲಿನಲ್ಲಿ ‘ಎಸ್‌ಎಸ್‌ಎಚ್-ಇಡಿ25519’ ಅಥವಾ ‘ಎಸ್‌ಎಸ್‌ಎಚ್-ಆರ್‌ಎಸ್‌ಎ’ಗಿಂತ ಮೊದಲಿರುವುದನ್ನೆಲ್ಲ ಅಳಿಸಿ. ಫೋಲ್ಡರಿಗೆ 700, ಫೈಲಿಗೆ 600 ಅನುಮತಿ ಇರಲಿ, ಒಡೆಯ ರೂಟ್ ಆಗಿರಲಿ. ಗುಂಪಿಗೋ ಇತರರಿಗೋ ಬರೆಯುವ ಅನುಮತಿ ಇದ್ದರೆ ಎಸ್‌ಎಸ್‌ಎಚ್‌ಡಿ ಆ ಕೀಯನ್ನು ನೋಡುವುದೇ ಇಲ್ಲ, ಪರದೆಯ ಮೇಲೆ ಕಾರಣವನ್ನೂ ಹೇಳುವುದಿಲ್ಲ. ಕಾರಣ /ವಾರ್/ಲಾಗ್/ಆಥ್.ಲಾಗ್‌ನಲ್ಲಿ ಸಿಗುತ್ತದೆ.

ಸಂರಚನೆ ಬದಲಿಸಿದ ಮೇಲೆ ಎಸ್‌ಎಸ್‌ಎಚ್‌ಡಿಯನ್ನು ಸ್ಮಾಲ್ ‘ಟಿ’ ಆಯ್ಕೆಯೊಂದಿಗೆ ಓಡಿಸಿದರೆ ಬರವಣಿಗೆಯ ತಪ್ಪು ತಿಳಿಯುತ್ತದೆ. ಆಮೇಲಷ್ಟೇ ರೀಸ್ಟಾರ್ಟ್. ಈಗಿನ ಟರ್ಮಿನಲ್ ಮುಚ್ಚದೆ ಇನ್ನೊಂದು ವಿಂಡೋದಲ್ಲಿ ಪರೀಕ್ಷಿಸಿ. ದಿನನಿತ್ಯದ ಕೆಲಸಕ್ಕಾದರೆ ಸುಡೊ ಸಾಕು. ರೂಟ್ ಲಾಗಿನ್ ಬೇಕಾಗುವುದು ಬ್ಯಾಕಪ್‌ನಂಥ ಕೆಲವೇ ಕೆಲಸಗಳಿಗೆ.

ಪ್ರಶ್ನೆ: ಇದೇ ಉಬುಂಟು 24.04ರಲ್ಲಿ ಪೋರ್ಟ್ 22ನ್ನು 2222 ಮಾಡಿ ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಿದೆ. ಈಗ ‘ಕನೆಕ್ಷನ್ ರಿಫ್ಯೂಸ್ಡ್’.

ಉತ್ತರ: ಇಲ್ಲಿ ಪೋರ್ಟನ್ನು ತೆರೆದಿಡುವುದು ಸಿಸ್ಟಂಡಿಯ (ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ತಂತ್ರಾಂಶ) ‘ಎಸ್‌ಎಸ್‌ಎಚ್.ಸಾಕೆಟ್’. 22ರಲ್ಲೇ ಒಳಬಂದು, ಸಿಸ್ಟಂಸಿಟಿಎಲ್‌ನಿಂದ ಮೊದಲು ‘ಡೀಮನ್-ರಿಲೋಡ್’ ಮಾಡಿ, ನಂತರ ಆ ಸಾಕೆಟ್ಟನ್ನು ರೀಸ್ಟಾರ್ಟ್ ಮಾಡಿ. ಅದಕ್ಕೂ ಮುಂಚೆ ಫೈರ್‌ವಾಲ್‌ನಲ್ಲಿ 2222 ತೆರೆದಿರಬೇಕು. ‘ರಿಫ್ಯೂಸ್ಡ್’ ಬದಲು ‘ಟೈಮ್ಡ್ ಔಟ್’ ಬಂದರೆ ಮೊದಲು ಕ್ಲೌಡ್ ಕಂಪನಿಯ ಪ್ಯಾನೆಲ್‌ನಲ್ಲಿರುವ ಫೈರ್‌ವಾಲ್ ನೋಡಿ.

ಪ್ರಶ್ನೆ: ಆಲ್ಮಾಲಿನಕ್ಸ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಅನುಮತಿಗಳೆಲ್ಲ ಸರಿ ಇದ್ದರೂ ರೂಟ್ ಕೀ ಒಪ್ಪುತ್ತಿಲ್ಲ.

ಉತ್ತರ: ಕೀ ಫೈಲನ್ನು ಬೇರೆ ಫೋಲ್ಡರಿನಿಂದ ‘ಎಂವಿ’ ಕಮಾಂಡಿನಲ್ಲಿ ತಂದಿದ್ದರೆ, ಹಳೆಯ ಜಾಗದ ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ವ್ಯವಸ್ಥೆ) ಲೇಬಲ್ ಅದರ ಜತೆಗೇ ಬಂದಿರುತ್ತದೆ. ‘ರಿಸ್ಟೋರ್‌ಕಾನ್’ ಕಮಾಂಡನ್ನು ಕ್ಯಾಪಿಟಲ್ ‘ಆರ್’, ಸ್ಮಾಲ್ ‘ವಿ’ ಆಯ್ಕೆಗಳೊಂದಿಗೆ /ರೂಟ್/.ಎಸ್‌ಎಸ್‌ಎಚ್ ಮೇಲೆ ಓಡಿಸಿ. ಎಸ್‌ಇಲಿನಕ್ಸನ್ನೇ ಆರಿಸಬೇಡಿ. ಇಲ್ಲಿ ಲಾಗ್ ಇರುವುದು /ವಾರ್/ಲಾಗ್/ಸೆಕ್ಯೂರ್‌ನಲ್ಲಿ.