ಗಾಡಿ ಮಾತು: ಹದಿನೈದು ತುಂಬುತ್ತಿರುವ ಸೆಡಾನ್ ಮಾರಬೇಕೇ?

ಪ್ರಶ್ನೆ: ನನ್ನದು 2011ರ ನವೆಂಬರ್‌ನಲ್ಲಿ ನೋಂದಣಿಯಾದ ಟೊಯೋಟ ಎಟಿಯೋಸ್, ಪೆಟ್ರೋಲ್. ಇದುವರೆಗೆ ದಾರಿಯಲ್ಲಿ ಕೈಕೊಟ್ಟಿದ್ದಿಲ್ಲ. ಮೈಸೂರಿನ ಆಸ್ಪತ್ರೆಗೂ ಇದೇ, ಮದುವೆಗೂ ಇದೇ, ತೋಟದ ಸಾಮಾನಿಗೂ ಇದೇ. ಬೆಂಗಳೂರಿನಲ್ಲಿರುವ ಮಗ ಮಾತ್ರ "ನೋಡಿದ್ರೆ ಟ್ಯಾಕ್ಸಿ ಥರ ಇದೆ, ಓಡಿಸಿದ್ರೆ ಏನೂ ಅನ್ಸಲ್ಲ, ಕೊಡಗಿಗೆ ಎಸ್‌ಯುವಿನೇ ಸರಿ. ಹೇಗೂ ಹದಿನೈದು ವರ್ಷ ಆದ್ಮೇಲೆ ಗುಜರಿಗೆ ಹಾಕ್ಬೇಕಲ್ಲ" ಅನ್ನುತ್ತಾನೆ. ನನಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಗುಜರಿಯ ಭಯ ಮೊದಲು ಬಿಡಿ. ಪೆಟ್ರೋಲ್ ಗಾಡಿಗೆ ಹದಿನೈದು, ಡೀಸೆಲ್‌ಗೆ ಹತ್ತು ವರ್ಷ ಎಂಬ ಕಟ್ಟುಪಾಡು ದೆಹಲಿ ಸುತ್ತಮುತ್ತಲಿನದು, ನಮ್ಮ ಕೊಡಗಿನ ಕೆಎ-12 ನಂಬರಿನ ಗಾಡಿಗಳಿಗೆ ಅದು ಬಂದಿಲ್ಲ. ಇಲ್ಲಿ ಆಗುವುದು ಇಷ್ಟೇ: ಹದಿನೈದು ತುಂಬುವ ಮೊದಲು ಆರ್‌ಟಿಒ ಕಚೇರಿಗೆ ಫಾರಂ 25 ಹಾಕಿ, ಗಾಡಿ ತೋರಿಸಿ, ಇನ್ನೂ 5 ವರ್ಷಕ್ಕೆ ನೋಂದಣಿ ಮುಂದುವರಿಸಿಕೊಳ್ಳಬೇಕು. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, ಹಸಿರು ತೆರಿಗೆ ಬೇರೆ. ವಿಮೆ, ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿರಲಿ.

ಇನ್ನು ಟ್ಯಾಕ್ಸಿ ಎಂಬ ಮಾತು. ವಿರಾಜಪೇಟೆಯಲ್ಲಿ ಗ್ಯಾರೇಜು ಇಟ್ಟುಕೊಂಡವನಾಗಿ ಹೇಳುತ್ತೇನೆ, ಗಾಡಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಟ್ಯಾಕ್ಸಿಯವನಿಗೆ ಗಾಡಿ ನಿಂತರೆ ಆ ದಿನದ ಊಟ ನಿಂತ ಹಾಗೆ. ಅವನು ನೆಚ್ಚಿದ ಕಾರು ಅದು. ನಮ್ಮ ಬಿಡದಿಯಲ್ಲೇ ತಯಾರಾಗಿ 2010ರ ಡಿಸೆಂಬರ್‌ನಲ್ಲಿ ಬಂತು, 2020ರಲ್ಲಿ ನಿಂತಿತು. ಅಷ್ಟೊಂದು ಟ್ಯಾಕ್ಸಿಗಳು ಓಡಿದ್ದರಿಂದಲೇ ಇವತ್ತಿಗೂ ಬಿಡಿಭಾಗ ಸಿಗುತ್ತದೆ, ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಹುಡುಗರೂ ಸಿಗುತ್ತಾರೆ. 1496 ಸಿಸಿಯ ಆ ಎಂಜಿನ್‌ಗೆ ಇರುವುದು ಟೈಮಿಂಗ್ ಚೈನು. ಬೆಲ್ಟಿನ ಹಾಗೆ ಇಂತಿಷ್ಟು ಕಿಲೋಮೀಟರಿಗೆ ಬದಲಿಸುವ ಖರ್ಚಿಲ್ಲ, ಆಯಿಲ್ ಮಾತ್ರ ತಪ್ಪಿಸಬಾರದು. 595 ಲೀಟರಿನ ಡಿಕ್ಕಿ ಬೇರೆ. ಪುತ್ತರಿ ಹಬ್ಬಕ್ಕೆ ಬಂದ ನೆಂಟರ ಸಾಮಾನನ್ನೆಲ್ಲ ನುಂಗಿ ಸುಮ್ಮನಿರುವ ಡಿಕ್ಕಿ ಎಷ್ಟು ಗಾಡಿಗಳಿಗಿದೆ?

ರೈಲು ಇಲ್ಲದ ಜಿಲ್ಲೆ ನಮ್ಮದು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ತಿತಿಮತಿ ಕಾಡು ದಾಟಿ ಹುಣಸೂರಿನ ಕಡೆಗೆ ಓಡಬೇಕು. ಆ ಹೊತ್ತಿಗೆ ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುವ ಗಾಡಿಯೇ ಒಳ್ಳೆಯ ಗಾಡಿ. ಆನೆ ಅಡ್ಡ ನಿಂತಾಗ ಸದ್ದಿಲ್ಲದೆ ಹಿಂದಕ್ಕೆ ಸರಿಯಬೇಕು, ಅಲ್ಲಿ ಎಂಜಿನ್ ಆಫಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಓಡಿಸುವಾಗ "ಏನೂ ಅನ್ನಿಸದ" ಗಾಡಿಯಲ್ಲಿ ಇನ್ನೊಂದು ಗುಣವಿದೆ: ಏನಾದರೂ ಅನ್ನಿಸಿದರೆ ತಕ್ಷಣ ಗೊತ್ತಾಗುತ್ತದೆ. ಬೇರಿಂಗಿನ ಸಣ್ಣ ಗುಂಯ್ ಸದ್ದನ್ನೂ ನೀವು ಹಿಡಿಯುತ್ತೀರಿ, ಯಾಕೆಂದರೆ ಇಷ್ಟು ವರ್ಷ ಅದು ಇರಲಿಲ್ಲ.

ಎಸ್‌ಯುವಿ ವಿಷಯ. ಇವತ್ತು ಆ ಹೆಸರಿನಲ್ಲಿ ಮಾರುವ ಸಣ್ಣ ಗಾಡಿಗಳಲ್ಲಿ ಬಹುಪಾಲಿನವು ನಿಮ್ಮದರ ಹಾಗೆಯೇ ಮುಂದಿನ ಚಕ್ರ ಎಳೆಯುವಂಥವು. ಎತ್ತರ ಸಿಗುತ್ತದೆ, ಕೆಸರಿನಲ್ಲಿ ಹತ್ತುವ ಶಕ್ತಿ ಸಿಗುವುದಿಲ್ಲ. ತೋಟದೊಳಗಿನ ಏರು ಹತ್ತಲೇಬೇಕಾದರೆ ಬೇಕಾದದ್ದು ಫೋರ್ ವೀಲ್ ಜೀಪು. ಮನೆವರೆಗೆ ಡಾಂಬರೋ ಕಾಂಕ್ರೀಟೋ ಇದ್ದರೆ ಆ ದುಡ್ಡಿನಲ್ಲಿ ಒಂದಂಶವನ್ನು ಒಳ್ಳೆಯ ಟೈರಿಗೆ ಹಾಕಿ. ನಮ್ಮಲ್ಲಿ ಗಾಡಿ ಓಡುವುದು ಕಮ್ಮಿ, ಟೈರಿನ ಗೆರೆ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಅಂಥ ಟೈರನ್ನು ಇನ್ನೊಂದು ಮಳೆಗೆ ಇಳಿಸಬೇಡಿ.

ಮಗನ ಕಡೆ ಒಂದು ಬಲವಾದ ವಾದವಿದೆ, ಅವನು ಅದನ್ನು ಹೇಳಿಲ್ಲ. ಆರಂಭದ ಕೆಳದರ್ಜೆಯ ಎಟಿಯೋಸ್‌ಗಳಲ್ಲಿ ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ಸೂ ಇಲ್ಲ. ನಿಮ್ಮದು ಯಾವ ದರ್ಜೆ ಎಂದು ಬರೆದಿಲ್ಲ. ಅವೆರಡೂ ಇಲ್ಲದ ಗಾಡಿಯಾಗಿದ್ದು, ವಾರವಾರ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗುವವರಾಗಿದ್ದರೆ ನಾನು ಮಾರಿ ಎಂದೇ ಹೇಳುತ್ತೇನೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸರಿ. ಎರಡೂ ಇದ್ದರೆ ಇಟ್ಟುಕೊಳ್ಳಿ.

ಇಟ್ಟುಕೊಳ್ಳುವುದಾದರೆ ನಮ್ಮ ಮಳೆಯನ್ನು ಮನಸ್ಸಿನಲ್ಲಿಟ್ಟು ನೋಡಿಕೊಳ್ಳಿ. ಬಾನೆಟ್ ಎತ್ತಿ, ವೈಪರಿನ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿಯೊಳಗೆ ಬೆರಳು ಹಾಕಿ. ಸಿಲ್ವರ್ ಓಕಿನ ಕೆಳಗೆ ನಿಲ್ಲುವ ಗಾಡಿಯಾದರೆ ಹಿಡಿ ತುಂಬ ಕೊಳೆತ ಎಲೆ ಬರುತ್ತದೆ, ಕಪ್ಪಗೆ, ಕಾಫಿ ಗಸಿಯ ಹಾಗೆ. ಆ ಎಲೆ ನೀರು ಇಳಿಯುವ ತೂತನ್ನು ಮುಚ್ಚುತ್ತದೆ. ನೀರು ಅಲ್ಲೇ ಏರಿ ಬ್ಲೋವರಿನ ದಾರಿ ಹಿಡಿದು ಎಡಗಡೆ ಸೀಟಿನ ಕಾಲ ಬಳಿ ಬರುತ್ತದೆ. ಮೇಲಿನ ಮ್ಯಾಟು ಒಣಗಿದ್ದರೂ ಕಾರ್ಪೆಟ್ಟಿನ ಕೆಳಗಿನ ಫೋಮು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ, ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ನೆಲ ಹೋದ ಕಾರುಗಳನ್ನು ಲಿಫ್ಟಿಗೆ ಏರಿಸಿ ನೋಡಿದ್ದೇನೆ, ಸಂಕಟವಾಗುತ್ತದೆ. ಎಲೆ ತೆಗೆದ ಮೇಲೆ ಒಂದು ಮಗ್ ನೀರು ಸುರಿಯಿರಿ. ಅದು ಮುಂದಿನ ಚಕ್ರದ ಹಿಂದೆ ಸಲೀಸಾಗಿ ಇಳಿದರೆ ಸರಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೇನು ಬರ? ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಬ್ರೇಕ್ ತುಳಿದುಕೊಂಡೇ ಇಳಿದರೆ ಆ ಬಿಸಿ ಸುಲಭವಾಗಿ ಬರುತ್ತದೆ, ಪೆಡಲು ಮೆತ್ತಗೆ ಒಳಗೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ಗಾಡಿಯನ್ನು ಹಿಡಿಯಲಿ. ಎಟಿಯೋಸ್‌ಗೆ ವೈಪರ್ ಒಂದೇ, ಅದು ಕೈಕೊಟ್ಟರೆ ಇನ್ನೊಂದಿಲ್ಲ. ಪ್ರತಿ ಮೇ ತಿಂಗಳಲ್ಲಿ ಹೊಸ ಬ್ಲೇಡು ಹಾಕಿಸಿ.

ನವೆಂಬರ್‌ನ ತಪಾಸಣೆಗೆ ಮುಂಚೆ, ಆಯುಧ ಪೂಜೆಗೆ ತೊಳೆಸುವಾಗಲೇ ಅಡಿಭಾಗ ಎತ್ತಿಸಿ ನೋಡಿಸಿ. ಮುಂಭಾಗದ ಸಬ್‌ಫ್ರೇಮಿನಲ್ಲಿ, ಅಂದರೆ ಎಂಜಿನ್ ಕೆಳಗಿನ ಉಕ್ಕಿನ ಚೌಕಟ್ಟಿನಲ್ಲಿ, ಸ್ಕ್ರೂಡ್ರೈವರ್ ಚುಚ್ಚಿದರೆ ತಗಡು ಉದುರುವ ಸ್ಥಿತಿ ಇದ್ದರೆ ನವೀಕರಣಕ್ಕೆ ದುಡ್ಡು ಕಟ್ಟಬೇಡಿ.

ಪ್ರಶ್ನೆ: ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಸೀಟ್ ಬೆಲ್ಟು, ಸ್ಟಿಯರಿಂಗ್ ಮೇಲೆಲ್ಲ ಬೂಷ್ಟು. ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೇ?
— ಓದುಗರೊಬ್ಬರು, ಶಾಂತಳ್ಳಿ

ಉತ್ತರ: ಸಾಲದು. ನಿಂತಲ್ಲೇ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ಕೂರುತ್ತದೆ, ಬ್ಯಾಟರಿಯೂ ಸರಿಯಾಗಿ ತುಂಬುವುದಿಲ್ಲ. ವಾರಕ್ಕೊಮ್ಮೆ ಸೋಮವಾರಪೇಟೆವರೆಗೆ ಓಡಿಸಿ, ಎಸಿ ಹಾಕಿಕೊಂಡೇ ಓಡಿಸಿ, ಒಳಗಿನ ತೇವವನ್ನು ಅದೇ ಎಳೆಯುತ್ತದೆ. ಟ್ಯಾಂಕ್ ತುಂಬಿಸಿಡಿ: ಈಗ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್, ಅದು ನೀರು ಹೀರುವ ಜಾತಿ, ಖಾಲಿ ಟ್ಯಾಂಕಿನ ಗಾಳಿಯಲ್ಲಿ ತೇವ ಜಾಸ್ತಿ. 2023ಕ್ಕಿಂತ ಹಳೆಯ ಗಾಡಿಯಾದರೆ ಪೆಟ್ರೋಲ್ ಪೈಪಿನ ರಬ್ಬರು ಬಿರಿದಿದೆಯೇ ಎಂದೂ ನೋಡಿಸಿ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆಯಲ್ಲಿ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ತೆಗೆಯುವಾಗ ಕಲ್ಲಿನ ನೆನಪಿರಲಿ.