‘ಇಂದ’ ಕಂಡಲ್ಲೆಲ್ಲ ಕರಣವೇ?

ಪ್ರಿಯ ಗೆಳೆಯರೆ,

ವಾಕ್ಯದಲ್ಲಿ ಪದಗಳ ಅರ್ಥಪಾತ್ರ, ಅಂದರೆ ಕ್ರಿಯೆಯಲ್ಲಿ ಒಂದೊಂದು ಪದದ ಪಾಲು ಏನೆಂದು, ಗುರುತಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸಿಂಧನೂರು, ಮಾನ್ವಿ ಕಡೆಯ ರೈತರ ಮಾತನ್ನೇ ಉದಾಹರಣೆಗೆ ಎತ್ತಿಕೊಂಡದ್ದು ಹಿಡಿಸಿತು. ಬರವಣಿಗೆ ತಿಳಿಯಾಗಿದೆ. ಆದರೆ ನಾಲ್ಕನೇ ಪುಟ ಓದುವಾಗ ಸಿಟ್ಟೇ ಬಂತು.

‘ಇಂದ’ ಪ್ರತ್ಯಯ ಕಂಡಲ್ಲೆಲ್ಲ ‘ಕರಣ’, ಅಂದರೆ ಸಾಧನ, ಎಂದು ಗುರುತು ಹಾಕಿಬಿಟ್ಟಿದ್ದೀರಿ. ‘ಕುಡುಗೋಲಿನಿಂದ ಜೋಳ ಕೊಯ್ದರು’: ಸರಿ, ಕುಡುಗೋಲು ಸಾಧನ. ‘ಎಡದಂಡೆ ಕಾಲುವೆಯಿಂದ ನೀರು ಬಂತು’: ಕಾಲುವೆ ನೀರು ಹೊರಟ ಜಾಗ, ಅಪಾದಾನ. ‘ಬಿಸಿಲಿನಿಂದ ಹತ್ತಿ ಒಣಗಿತು’: ಬಿಸಿಲನ್ನು ಹಿಡಿದು ಬಳಸಿದವರು ಯಾರೂ ಇಲ್ಲ, ಅದು ಹೇತು. ‘ಪಂಚಾಯ್ತಿಯಿಂದ ಚರಂಡಿ ಕಟ್ಟಿಸಲಾಯಿತು’: ಕಟ್ಟಿಸಿದ್ದೇ ಪಂಚಾಯ್ತಿ, ಅದು ಕರ್ತೃ. ಶಾಲೆಯ ವ್ಯಾಕರಣ ಅಪಾದಾನದ ಪಂಚಮಿ ವಿಭಕ್ತಿಗೆ ‘ದೆಸೆಯಿಂದ’ ಎಂದು ಬೇರೆ ಪ್ರತ್ಯಯ ಕೊಡುತ್ತದೆ ನಿಜ. ಆದರೆ ಹೊಲದಲ್ಲಿ ನಿಂತು ‘ಕಾಲುವೆಯ ದೆಸೆಯಿಂದ’ ಎನ್ನುವವರು ಯಾರು?

‘ಮಲ್ಲಮ್ಮನಿಗೆ ಜ್ವರ ಬಂತು’ ಎಂಬಲ್ಲಿಯೂ ಹಾಗೆಯೇ. ‘ಗೆ’ ನೋಡಿ ‘ಸಂಪ್ರದಾನ’, ಅಂದರೆ ಕೊಟ್ಟದ್ದನ್ನು ಪಡೆದವಳು, ಎಂದಿರಿ. ಜ್ವರವನ್ನು ಯಾರೂ ಅವಳಿಗೆ ಕೊಡಲಿಲ್ಲ, ಅವಳು ಅನುಭವಿಸಿದಳು. ಪಾಣಿನಿಯ ಕಾರಕಗಳನ್ನೇ (ಕ್ರಿಯೆಯೊಂದಿಗೆ ಪದಕ್ಕಿರುವ ಸಂಬಂಧಗಳನ್ನೇ) ಆಧರಿಸಿ ಹಿಂದಿ ವಾಕ್ಯಕೋಶ, ಅಂದರೆ ಗುರುತು ಹಾಕಿದ ವಾಕ್ಯಗಳ ಸಂಗ್ರಹ, ಕಟ್ಟಿದವರು ಇಂಥವರಿಗಾಗಿ ‘ಕೆ4ಎ’ ಎಂಬ ಬೇರೆ ಗುರುತನ್ನೇ ಇಟ್ಟರು. ಪಾಣಿನಿಯಲ್ಲಿ ಕಾರಕ ಬೇರೆ, ವಿಭಕ್ತಿ ಬೇರೆ. 1968ರಲ್ಲಿ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ ವಾದಿಸಿದ್ದೂ ಮೇಲೆ ಕಾಣುವ ರೂಪಕ್ಕಿಂತ ಒಳಗಿನ ಸಂಬಂಧ ಬೇರೆ ಎಂದೇ. ಇಂಗ್ಲಿಷಿನ ಪ್ರಾಪ್‌ಬ್ಯಾಂಕ್ ಎಂಬ ಇಂಥದೇ ವಾಕ್ಯಸಂಗ್ರಹವೂ ಒಂದೊಂದು ಕ್ರಿಯಾಪದಕ್ಕೂ ಅದರದೇ ಪಾತ್ರಗಳ ಪಟ್ಟಿ ಇಟ್ಟುಕೊಂಡಿದೆ. ಪಾತ್ರ ಕೊಡುವುದು ಕ್ರಿಯೆ, ಪ್ರತ್ಯಯವಲ್ಲ.

ನಾನು ರಾಯಚೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಲು ಕಲಿಯುತ್ತಿದ್ದಾಗ ಅಲ್ಲಿನ ಹಿರಿಯರೊಬ್ಬರು ಮೊದಲು ಕ್ರಿಯಾಪದದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಸುತ್ತಿದ್ದರು. ಆಮೇಲೆ ನಾಮಪದದ ಪ್ರತ್ಯಯದ ಮೇಲೆ ತಮ್ಮ ಹೆಬ್ಬೆರಳಿಟ್ಟು ಮುಚ್ಚಿ, ‘ಈಗ ಹೇಳು, ಈ ಕೆಲಸದಾಗ ಇದರ ಪಾಲು ಏನು?’ ಎಂದು ಕೇಳೋರು. ಮಸಿ ಹತ್ತಿದ ಆ ಹೆಬ್ಬೆರಳು ಕದಲಬೇಕಾದರೆ ಉತ್ತರ ಬರಲೇಬೇಕಿತ್ತು. ವಾಕ್ಯ ಓದುವುದನ್ನು ನಾನು ಕಲಿತದ್ದು ಅಲ್ಲೇ.

ಇನ್ನೊಂದು ತಕರಾರು. ‘ಇಬ್ಬರು ಬೇರೆ ಬೇರೆ ಕೂತು ಗುರುತಿಸಿದರೂ ಒಂದೇ ಉತ್ತರ ಬಂತು, ಹಾಗಾಗಿ ಸರಿ’ ಎಂದು ಬರೆದಿದ್ದೀರಿ. ಇಬ್ಬರಿಗೂ ‘ಇಂದ ಎಂದರೆ ಕರಣ’ ಎಂಬ ಒಂದೇ ಸೂಚನೆ ಕೊಟ್ಟವರು ನೀವೇ. ಅವರು ಒಪ್ಪಿದ್ದು ನಿಮ್ಮ ಸೂಚನೆಯನ್ನು. ಸೂಚನೆಯೇ ತಪ್ಪಿದ್ದರೆ ಆ ಒಮ್ಮತದಿಂದ ಏನೂ ಸಾಬೀತಾಗುವುದಿಲ್ಲ.

ಆ ಪುಟವನ್ನು ಕ್ರಿಯಾಪದದಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ. ಗುರುತಿಸುವಾಗ ನಿಮಗೇ ಅನುಮಾನ ಬಂದ ವಾಕ್ಯಗಳಿದ್ದರೆ ಬಿಡಬೇಡಿ, ಅವನ್ನೇ ಮೊದಲು ಅಚ್ಚು ಹಾಕುತ್ತೇನೆ.