ಪ್ರಾಕ್ಟೀಸ್‌ನಲ್ಲಿ 615, ಮ್ಯಾಚ್‌ನಲ್ಲಿ 603: ಏರ್ ರೈಫಲ್ ಹಿಡಿದಾಗ ಎದೆ ಬಡಿದುಕೊಂಡರೆ ಏನು ಮಾಡಬೇಕು?

ಮಹಾರಾಷ್ಟ್ರದ ಜತ್ತ ಕಡೆಯಿಂದ ನೀವು ಕೇಳಿದ್ದು ಇಷ್ಟು. 10 ಮೀಟರ್ ಏರ್ ರೈಫಲ್ ಹೊಡೆಯುತ್ತೀರಿ. ಪ್ರಾಕ್ಟೀಸ್‌ನಲ್ಲಿ 60 ಶಾಟ್‌ಗೆ 615ರ ಆಸುಪಾಸು ಅಂಕ ಬರುತ್ತದೆ, ಮ್ಯಾಚ್‌ನಲ್ಲಿ 603ಕ್ಕೆ ಇಳಿಯುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ. ಮನಸ್ಸನ್ನು ಶಾಂತ ಮಾಡಿಕೊಳ್ಳೋದು ಹೇಗೆ? ಗೆಳೆಯ ಹೇಳಿದ ಮಾತ್ರೆ ತಗೊಳ್ಳಬಹುದಾ?

ಮಾತ್ರೆಯ ಮಾತು ಮೊದಲು ಮುಗಿಸೋಣ. ಬೇಡ. ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ತರಹದ ಮಾತ್ರೆಗಳಿಗೆ ಬೀಟಾ ಬ್ಲಾಕರ್ ಅನ್ನುತ್ತಾರೆ. ಶೂಟಿಂಗ್‌ನಲ್ಲಿ ಇವಕ್ಕೆ ನಿಷೇಧ ಇದೆ, ಮ್ಯಾಚ್ ಇಲ್ಲದ ದಿನಗಳಲ್ಲೂ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಪಿಸ್ತೂಲಿನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದಿದ್ದರು. ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಸಿಕ್ಕಿತು, ಎರಡೂ ಹೋದವು. ಅದೂ ಅಲ್ಲದೆ ಆಸ್ತಮಾ ಇರುವವರಿಗೆ ಈ ಮಾತ್ರೆ ಅಪಾಯ. ಡಾಕ್ಟರು ಬರೆದುಕೊಡದೆ ನುಂಗುವ ವಸ್ತುವೇ ಅಲ್ಲ.

ಇನ್ನು ನನ್ನ ಪರಿಚಯ. ನಾನು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನವನು. ಮನೆಯಲ್ಲಿ ಕನ್ನಡ, ರೇಂಜಿನಲ್ಲಿ ಮರಾಠಿ. ರೈಫಲ್ ಕಲಿತದ್ದು ಕೊಲ್ಹಾಪುರದಲ್ಲಿ. ಈಗ ಸ್ಪರ್ಧೆ ಬಿಟ್ಟು ಹುಡುಗ ಹುಡುಗಿಯರಿಗೆ ಹಿಂದೆ ನಿಂತು ಹೇಳಿಕೊಡುತ್ತೇನೆ. ನೀವು ಕೇಳಿದ್ದನ್ನೇ ಅವರೂ ಕೇಳುತ್ತಾರೆ.

ಮನಸ್ಸು ಶಾಂತ ಆಗದಿದ್ದರೂ ಒಳ್ಳೆಯ ಸ್ಕೋರ್ ಬರುತ್ತದೆ. ನಿಮ್ಮದೇ ಲೆಕ್ಕ ನೋಡಿ. 60 ಶಾಟ್‌ಗೆ 615 ಅಂದರೆ ಒಂದಕ್ಕೆ ಸರಾಸರಿ 10.25. ಮ್ಯಾಚ್‌ನಲ್ಲಿ ಹೋದದ್ದು 12 ಅಂಕ. ನಡುಕದಿಂದ ಎಲ್ಲ ಶಾಟೂ ಸ್ವಲ್ಪ ಸ್ವಲ್ಪ ಕೆಟ್ಟವು ಅಂತ ನಿಮಗೆ ಅನ್ನಿಸಿರಬಹುದು. ಸ್ಕೋರ್ ಶೀಟ್ ತೆಗೆದು ನೋಡಿ. ನಾನು ನೋಡಿದ ಮಕ್ಕಳ ಶೀಟ್‌ಗಳಲ್ಲಿ ಹೆಚ್ಚಾಗಿ ಹಾಗಿರುವುದಿಲ್ಲ. 50ಕ್ಕಿಂತ ಜಾಸ್ತಿ ಶಾಟ್ ಎಂದಿನ ಹಾಗೇ ಇರುತ್ತವೆ, ನಡುವೆ ಐದಾರು ಶಾಟ್ 8ರಲ್ಲಿ ಬಿದ್ದಿರುತ್ತವೆ. 10.25 ಬರಬೇಕಾದ ಕಡೆ ಆರು ಶಾಟ್‌ಗೆ ಸರಾಸರಿ 8.25 ಬಂದರೆ ಸರಿಯಾಗಿ 12 ಅಂಕ ಹೋದವು, 603ಕ್ಕೆ ಬಂದಿರಿ.

ಆ ಆರು ಶಾಟ್ ಹೇಗೆ ಹೋಗಿರುತ್ತವೆ ಅಂತ ಹೇಳುತ್ತೇನೆ, ನಿಮಗೇ ನೆನಪಾಗುತ್ತದೆ. ರೈಫಲ್ ಎತ್ತಿದಿರಿ. ಎದೆ ಬಡಿತಕ್ಕೆ ನಳಿಗೆ ಎಂದಿಗಿಂತ ಜಾಸ್ತಿ ಓಲಾಡುತ್ತಿದೆ. 10ರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ಏರ್ ರೈಫಲ್‌ನ ಸಣ್ಣ ಗುಂಡು, ಅಂದರೆ ಪೆಲೆಟ್ಟೇ ಅದಕ್ಕಿಂತ ದಪ್ಪ, 4.5 ಮಿಲಿಮೀಟರ್. ನಿಂತೀತು, ಈಗ ನಿಂತೀತು ಅಂತ ಕಾಯುತ್ತೀರಿ. ಬಿಗಿಹಿಡಿದ ಉಸಿರು ಕಡಿಮೆ ಬೀಳುತ್ತದೆ. ನೋಡಿ ನೋಡಿ ಕಣ್ಣು ಸೋತು, ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ರಿಂಗ್ ಮಬ್ಬಾಗುತ್ತದೆ. ಒಳಗಿನಿಂದ ಒಂದು ದನಿ ‘ಇಳಿಸು’ ಅನ್ನುತ್ತದೆ. ಅಷ್ಟರಲ್ಲಿ ಟಾರ್ಗೆಟ್‌ನ ಕಪ್ಪು ಚುಕ್ಕೆ ರಿಂಗಿನ ನಡುವೆ ಹಾದುಹೋಯಿತು, ಟ್ರಿಗರ್ ಕಿತ್ತುಬಿಟ್ಟಿರಿ. 8.1.

ಹಾಗಾಗಿ ಮ್ಯಾಚ್ ದಿನದ ಮನೋಬಲ ಅಂದರೆ ನನ್ನ ಮಟ್ಟಿಗೆ ಒಂದೇ: ಎತ್ತಿದ ರೈಫಲ್ ಅನ್ನು ಗುಂಡು ಬಿಡದೆ ಕೆಳಗಿಳಿಸುವ ಧೈರ್ಯ. ಕೇಳೋದಕ್ಕೆ ಸಣ್ಣ ವಿಷಯ. ಮಾಡೋದಕ್ಕೆ ಯಾಕೆ ಕಷ್ಟ ಅಂದರೆ, ಹಿಂದೆ ಕುರ್ಚಿ ಹಾಕಿಕೊಂಡು ಅಪ್ಪ, ಕಾಕಾ, ಕೋಚ್ ಎಲ್ಲ ಕೂತಿರುತ್ತಾರೆ. ನಮ್ಮ ಕೊಲ್ಹಾಪುರ ಸೀಮೆಯಲ್ಲಿ ಎಲ್ಲ ಆಟದ ಮೇಲೂ ಕುಸ್ತಿಯ ನೆರಳು ಇದೆ. ಕಣದಲ್ಲಿ ಹಿಂದೆ ಸರಿದವನು ಅಂಜಿದ ಅಂತಲೇ ಲೆಕ್ಕ. ಮಕ್ಕಳು ರೈಫಲ್ ಇಳಿಸೋದಕ್ಕೂ ಅದೇ ಅರ್ಥ ಕಟ್ಟಿಕೊಂಡು ಬಂದಿರುತ್ತಾರೆ.

ಎರಡನೆಯ ಹೆದರಿಕೆ ಗಡಿಯಾರದ್ದು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 60 ಶಾಟ್‌ಗೆ 75 ನಿಮಿಷ. ಒಂದಕ್ಕೆ ಒಂದೂಕಾಲು ನಿಮಿಷ ಆಯಿತು. ಪೆಲೆಟ್ ಹಾಕಿ, ಎತ್ತಿ, ಹೊಡೆದು, ಇಳಿಸೋದಕ್ಕೆ ಮುಕ್ಕಾಲು ನಿಮಿಷ ಹಿಡಿದರೂ ಒಟ್ಟು 45 ನಿಮಿಷ. ಉಳಿದ ಅರ್ಧ ಗಂಟೆ ಇಳಿಸೋದಕ್ಕೇ ಇದೆ ಅಂತ ತಿಳಿಯಿರಿ. ಫೈನಲ್‌ನಲ್ಲಿ ಒಂದೊಂದೇ ಶಾಟ್ ಬರುವಾಗ 50 ಸೆಕೆಂಡ್ ಕೊಡುತ್ತಾರೆ. ಅಲ್ಲೂ ಒಮ್ಮೆ ಇಳಿಸಿ ಮತ್ತೆ ಎತ್ತೋದಕ್ಕೆ ಆಗುತ್ತದೆ, ತಡವಾಗಿ ಶುರು ಮಾಡದಿದ್ದರೆ.

ಯಾವಾಗ ಇಳಿಸಬೇಕು ಅನ್ನೋದನ್ನು ಮ್ಯಾಚ್‌ನಲ್ಲಿ ಕೂತು ಯೋಚಿಸಬೇಡಿ, ಮನೆಯಲ್ಲೇ ನಿಯಮ ಮಾಡಿಕೊಂಡು ಬನ್ನಿ. ಚುಕ್ಕೆ ರಿಂಗಿನೊಳಗೆ ಬಂದ ಮೇಲೆ ಏಳೆಂಟು ಸೆಕೆಂಡಿನಲ್ಲಿ ಶಾಟ್ ಹೋಗದಿದ್ದರೆ ಇಳಿಸೋದು. ತಲೆಯಲ್ಲಿ ಸ್ಕೋರ್ ಬಂದರೆ ಇಳಿಸೋದು. ‘ಇಳಿಸಲಾ?’ ಅಂತ ಅನುಮಾನ ಬಂದರೂ ಇಳಿಸೋದೇ. ಅನುಮಾನ ಬಂದ ಮೇಲೆ ಹೊಡೆದ ಶಾಟ್ 10 ಬಂದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಮುಂದಿನ ಸಲವೂ ಹಾಗೇ ಹೊಡೆಯುತ್ತೀರಿ.

ಇಳಿಸಿದ ಮೇಲೆ ಮತ್ತೆ ಮೊದಲಿನಿಂದ ಶುರು. ಕಾಲು ಇಟ್ಟ ಜಾಗ ಸರಿ ಇದೆಯಾ? ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು, ಕಣ್ಣು ತೆರೆದಾಗ ನಳಿಗೆ ತಾನಾಗಿ ಟಾರ್ಗೆಟ್ ಕಡೆ ಇದೆಯಾ? ಇಲ್ಲದಿದ್ದರೆ ಕೈಯಿಂದ ಎಳೆಯಬೇಡಿ, ಕಾಲು ಸರಿಸಿ. ನಿಮ್ಮ ಲೇನ್ ನಂಬರ್, ಅಂದರೆ ನೀವು ಹೊಡೆಯಬೇಕಾದ ಸಾಲಿನ ನಂಬರ್ ನೋಡಿ. ಆಮೇಲೆ ಉಸಿರು, ಚುಕ್ಕೆ, ಟ್ರಿಗರ್. ಪೆಲೆಟ್ ಹೋದ ಮೇಲೂ ಒಂದು ಸೆಕೆಂಡ್ ಹಾಗೇ ನಿಲ್ಲಿ. ಮಾನಿಟರ್ ನೋಡುವ ಮೊದಲು ‘ಎಡಕ್ಕೆ, 9.8’ ಅಂತ ಊಹೆ ಮಾಡಿ. ಊಹೆ ಸರಿಬಂದರೆ ಆ ಶಾಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಏನೂ ಇಲ್ಲ. ಮನಸ್ಸಿನಲ್ಲಿ ಹೇಳಿಕೊಳ್ಳುವ ಒಂದೆರಡು ಮಾತು ಮನೆಯ ಮಾತಿನಲ್ಲೇ ಇರಲಿ. ಕೋಚ್ ಮರಾಠಿಯಲ್ಲಿ ಹೇಳಿದರೇನು, ಒಳಗೆ ನಿಮಗೆ ತಟ್ಟನೆ ಬರೋದು ಕನ್ನಡ ಅಲ್ವಾ?

ಲೇನ್ ನಂಬರ್ ಅಂದಾಗ ಮ್ಯಾಥ್ಯೂ ಎಮ್ಮನ್ಸ್ ಕಥೆ ಹೇಳದಿದ್ದರೆ ಆಗದು. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್‌ನ ಮೂರು ಭಂಗಿಯ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ಫೈನಲ್. ಈ ಅಮೆರಿಕನ್ ಎಲ್ಲರಿಗಿಂತ ಮುಂದಿದ್ದರು, ಕೊನೆಯ ಶಾಟ್ ಸಾಧಾರಣವಾಗಿ ಹೋಗಿದ್ದರೂ ಚಿನ್ನ ಖಾಯಂ. ಹೊಡೆದರು, ತಮ್ಮ ಮಾನಿಟರ್‌ನಲ್ಲಿ ಏನೂ ಇಲ್ಲ. ಪೆಟ್ಟು ಪಕ್ಕದ ಲೇನಿನ ಟಾರ್ಗೆಟ್‌ಗೆ ಬಿದ್ದಿತ್ತು. ಸೊನ್ನೆ ಅಂಕ, ಮೊದಲನೆಯ ಜಾಗದಿಂದ ಎಂಟನೆಯದಕ್ಕೆ. ಯಾವಾಗಲೂ ಮೊದಲು ನಂಬರ್ ನೋಡಿ ಆಮೇಲೆ ಚುಕ್ಕೆಗೆ ಇಳಿಯುತ್ತಿದ್ದರಂತೆ. ಆ ಒಂದು ಶಾಟ್‌ನಲ್ಲಿ ತಮ್ಮನ್ನು ಶಾಂತ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ನಂಬರ್ ನೋಡಲಿಲ್ಲ ಅಂತ ಅವರೇ ಆಮೇಲೆ ಹೇಳಿದರು. ‘ಶಾಂತ ಆಗು, ಶಾಂತ ಆಗು’ ಅಂತ ಹೇಳಿಕೊಳ್ಳೋದೂ ಒಂದು ಕೆಲಸವೇ. ಅದು ಮಾಡಬೇಕಾದ ಕೆಲಸದ ಜಾಗ ತಿನ್ನುತ್ತದೆ.

ಉಸಿರಾಟದಿಂದ ಉಪಯೋಗ ಇಲ್ಲ ಅಂತ ಅಲ್ಲ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡೋದು ಉದ್ದ ಇದ್ದರೆ ಬಡಿತ ಸ್ವಲ್ಪ ಇಳಿಯುತ್ತದೆ. ಶಾಟ್‌ಗಳ ನಡುವೆ, ರೈಫಲ್ ಸ್ಟ್ಯಾಂಡ್ ಮೇಲಿರುವಾಗ ಮಾಡಿ. ಎತ್ತಿದ ಮೇಲೆ ಬೇಡ.

ಈಗ ಪ್ರಾಕ್ಟೀಸ್. ಸುಮ್ನೆ 60 ಶಾಟ್ ಹೊಡೆದು 615 ಅಂತ ಡೈರಿಯಲ್ಲಿ ಬರೆದರೆ ಮ್ಯಾಚ್‌ಗೆ ತಯಾರಿ ಆಗೋದಿಲ್ಲ. ನನ್ನ ಹುಡುಗರಿಗೆ ನಾನು ಹಿಂದೆ ನಿಂತು ಯಾವಾಗ ಬೇಕಾದರೂ ‘ಇಳಿಸು’ ಅನ್ನುತ್ತೇನೆ. ಚುಕ್ಕೆ ನಡುವೆ ಕೂತಿದ್ದರೂ ಇಳಿಸಲೇಬೇಕು. ಮೊದಮೊದಲು ಸಿಟ್ಟು ಬರುತ್ತದೆ, ಆಮೇಲೆ ರೂಢಿ ಆಗುತ್ತದೆ. ಮನೆಯಲ್ಲಿ ಡ್ರೈ, ಅಂದರೆ ಪೆಲೆಟ್ ಇಲ್ಲದೆ ಪ್ರಾಕ್ಟೀಸ್ ಮಾಡುವಾಗ ಇದನ್ನು ಒಬ್ಬರೇ ಮಾಡಬಹುದು. ಇನ್ನೊಂದು, ಮೆಟ್ಟಿಲು ಓಡಿ ಹತ್ತಿ ಬಂದು ತಕ್ಷಣ ಒಂದು ಸೀರೀಸ್, ಅಂದರೆ 10 ಶಾಟ್ ಹೊಡೆಯೋದು. ಎದೆ ಬಡಿಯುವಾಗ ನಳಿಗೆ ಎಷ್ಟು ಓಲಾಡುತ್ತದೆ, ಆದರೂ ಎಷ್ಟು 10 ಬರುತ್ತವೆ ಅಂತ ಕಣ್ಣಾರೆ ನೋಡಿದರೆ ಅರ್ಧ ಭಯ ಹೋಗುತ್ತದೆ. ಗಣಪತಿ ಹಬ್ಬದಲ್ಲಿ ಬೀದಿಯಲ್ಲಿ ಡಾಲ್ಬಿ ಬಾರಿಸುವಾಗ ಪ್ರಾಕ್ಟೀಸ್ ಬಿಡಬೇಡಿ, ಅದಕ್ಕಿಂತ ಒಳ್ಳೆಯ ಗದ್ದಲ ದುಡ್ಡು ಕೊಟ್ಟರೂ ಸಿಗದು. ಅಭಿನವ್ ಬಿಂದ್ರಾ ಬೀಜಿಂಗ್‌ಗೆ ಹೋಗುವ ಮುಂಚೆ ಅಲ್ಲಿನ ದೊಡ್ಡ ಹಾಲ್ ರೂಢಿಯಾಗಲಿ ಅಂತ ಮದುವೆ ಹಾಲ್ ಬಾಡಿಗೆ ಹಿಡಿದು ಪ್ರಾಕ್ಟೀಸ್ ಮಾಡಿದ್ದರು. ಬೀಜಿಂಗ್ ಫೈನಲ್‌ನಲ್ಲಿ ಅವರ ಕೊನೆಯ ಶಾಟ್ 10.8.

ಮ್ಯಾಚ್‌ಗೆ ಮುಂಚೆ ಲೆಕ್ಕಕ್ಕಿಲ್ಲದ ಶಾಟ್ ಹೊಡೆದು ನೋಡುವ ಸೈಟರ್ ಸಮಯದ 15 ನಿಮಿಷ ಪೂರ್ತಿ ಹೊಡೆಯುತ್ತಲೇ ಇರಬೇಡಿ. ಕೊನೆಗೆ ಸ್ವಲ್ಪ ಉಳಿಸಿಕೊಂಡು ರೈಫಲ್ ಇಟ್ಟು ನಿಲ್ಲಿ. ಮ್ಯಾಚ್‌ನ ಮೊದಲ ಶಾಟ್ ಎತ್ತಿದ ಕೂಡಲೇ ಒಮ್ಮೆ ಬೇಕಂತಲೇ ಇಳಿಸಿಬಿಡಿ. ಮೊದಲ ಸಲ ಇಳಿಸುವ ನಾಚಿಕೆ ಅಲ್ಲೇ ಮುಗಿಯುತ್ತದೆ.

ಮನೆಯವರ ಬಗ್ಗೆ ಒಂದು ಮಾತು. ಶೂಟರ್‌ಗಳಾದ ತೇಜಸ್ವಿನಿ ಸಾವಂತ, ರಾಹಿ ಸರ್ನೋಬತ್ ಕೊಲ್ಹಾಪುರದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಜಿಲ್ಲೆಯ ಕಾಂಬಳವಾಡಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಅಂದಿನಿಂದ ಪ್ರತಿ ಮನೆಯಲ್ಲೂ ರೈಫಲ್ ಅಂದರೆ ನೌಕರಿ ಅಂತ ಲೆಕ್ಕ. ಆ ಲೆಕ್ಕ ಹುಡುಗರ ಜೊತೆ ಲೇನಿಗೂ ಬರುತ್ತದೆ. ಆದರೆ ಆ ಫೈನಲ್‌ನಲ್ಲಿ ಸ್ವಪ್ನಿಲ್ ಮಂಡಿಯೂರಿ ಹೊಡೆದು, ಮಲಗಿ ಹೊಡೆದು ಮುಗಿದಾಗಲೂ ಪದಕದ ಸಾಲಿನಲ್ಲಿ ಇರಲಿಲ್ಲ, ನಿಂತು ಹೊಡೆಯುವಾಗ ಮೇಲೆ ಬಂದು 451.4ಕ್ಕೆ ಮುಗಿಸಿದರು ಅನ್ನೋದನ್ನು ಯಾರೂ ಹೇಳೋದಿಲ್ಲ. ಮ್ಯಾಚ್ ದಿನ ಫೋನ್ ಬ್ಯಾಗಿನಲ್ಲಿರಲಿ. ‘ಎಷ್ಟು ಬಂತು’ ಅನ್ನುವ ಫ್ಯಾಮಿಲಿ ಗ್ರೂಪಿಗೆ ಅಪ್ಪನೇ ಉತ್ತರ ಕೊಡಲಿ.

ರೇಂಜಿನ ಹೊರಗೂ ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಹೀಗೇ ಇದ್ದರೆ ಅದು ನನ್ನಂಥವನ ಕೆಲಸ ಅಲ್ಲ, ಡಾಕ್ಟರನ್ನು ನೋಡಿ. ಮ್ಯಾಚ್ ದಿನ ಮಾತ್ರ ಅಂದರೆ ಮುಂದಿನ ಮ್ಯಾಚ್ ಆದ ಮೇಲೆ ಇಲ್ಲೇ ಕೆಳಗೆ ಆರೂ ಸೀರೀಸ್‌ನ ಸ್ಕೋರ್ ಹಾಕಿ. ಪ್ರತಿ ಸೀರೀಸ್‌ನಲ್ಲಿ ಎಷ್ಟು ಸಲ ಇಳಿಸಿದಿರಿ ಅನ್ನೋದನ್ನೂ ಪಕ್ಕದಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.